ದೆಂಬಾ ನಸಿರೆಯ ಹೆಬ್ಬೆಟ್ಟು

ಮೋಪ್ತಿ ಬಂದರು, ಈರುಳ್ಳಿ ಸಾಲು
11 ಜನವರಿ 2009, ಭಾನುವಾರ

ಮೀನಿನ ವಾಸನೆಯಲ್ಲಿ ಹುಟ್ಟಿ, ಮೀನಿನ ವಾಸನೆಯಲ್ಲಿ ಬೆಳೆದು, ರಾಜಧಾನಿ ಬಮಾಕೋದ ಸೆಂಟನ್ನು ಹದಿನಾರು ವರ್ಷ ಬಳಿದುಕೊಂಡರೂ ಮೀನಿನ ವಾಸನೆಯನ್ನೇ ಬೀರುತ್ತಿರುವ ಬೋಝೋ ಬೆಸ್ತರ ಕುಲತಿಲಕ ಸುಂಗಾಲೊ ಕರಬೆಂತಾ ಅವರ ಪಾದಗಳಿಗೆ (ತೊಳೆದಿದ್ದರೆ ಮಾತ್ರ) ಈರುಳ್ಳಿ ಬೆಳೆಯುವ ದೋಗೊನ್ ಕುಲದ ಯಾಪೆರೆ ತೆಂಬೆಲಿ ಮಾಡುವ ನಮಸ್ಕಾರಗಳು.

ತಾವು ಹೇಗಿದ್ದೀರಿ? ಮೈ ಹೇಗಿದೆ? ದೋಣಿ ಹೇಗಿದೆ? ಬಲೆ ಹೇಗಿದೆ? ಗಿಟಾರ್ ಹೇಗಿದೆ? ಅದರ ಆರು ತಂತಿಗಳು ಬಿಡಿಬಿಡಿಯಾಗಿ ಹೇಗಿವೆ? ಇದಕ್ಕೆಲ್ಲ ತಾವು ನಮ್ಮವರ ಹಾಗೆ 'ಸೇವೊ, ಸೇವೊ, ಎಲ್ಲ ಸೇವೊ' ಎಂದಿರೆಂದು ಭಾವಿಸಿ ಮುಂದುವರಿಯುತ್ತೇನೆ. ಕುಶಲ ಕೇಳದೆ ವಿಷಯಕ್ಕೆ ಬರುವವನು ಕಳ್ಳ ಎಂದು ನಮ್ಮಲ್ಲಿ ಹೇಳುತ್ತಾರೆ. ಈ ಪತ್ರದಲ್ಲಿ ಕಳ್ಳತನದ ಪ್ರಸ್ತಾಪ ಬರುವುದರಿಂದ ನಾನು ಮೊದಲೇ ಎಚ್ಚರಿಕೆಯಿಂದಿದ್ದೇನೆ.

ತಾವು ದೆಬೋ ಸರೋವರದ ಅಕಾ ಹಳ್ಳಿಯಿಂದ ಕಳುಹಿಸಿದ ಪತ್ರವೂ ಕ್ಯಾಸೆಟ್ಟೂ ಗುರುವಾರದ ಸಂತೆಯ ದೋಣಿಯಲ್ಲಿ ಬಂದವು. ದೋಣಿಯವನು ಅವೆರಡನ್ನೂ ಒಣಮೀನಿನ ಬುಟ್ಟಿಯೊಳಗೆ ಇಟ್ಟುಕೊಂಡು ಬಂದಿದ್ದರಿಂದ ಪತ್ರ ಯಾರದೆಂದು ಬಿಡಿಸುವ ಮೊದಲೇ ತಿಳಿಯಿತು.

ಓದುಬರಹ ಬಾರದವರಿಗೆ ಈ ಬಂದರಿನಲ್ಲಿ ಪತ್ರ ಬರೆದುಕೊಡುವುದು ನನ್ನ ಕಸುಬು. ಬಂದ ಪತ್ರದ ಸಾರವನ್ನು ಮೊದಲು ಹೇಳಿ, ಆಮೇಲೆ ಉತ್ತರಕ್ಕಿಳಿಯುವುದು ಕಸುಬಿನ ಪದ್ಧತಿ. ಅದರಂತೆ ತಮ್ಮ ಪತ್ರದ ಸಾರ:

ಕಳೆದ ಅಕ್ಟೋಬರಿನಲ್ಲಿ ಬಮಾಕೋದ ತಮ್ಮ ಮನೆಗೆ ದೆಂಬಾ ನಸಿರೆ ಎಂಬ ದೆಬೋ ಸರೋವರದ ಮುದಿ ಬೆಸ್ತನೊಬ್ಬನಿಂದ, ಹೆಬ್ಬೆಟ್ಟಿನ ಗುರುತು ಸಹಿತ, ಒಂದು ಪತ್ರ ಬಂತು. ಅದನ್ನು ಓದಿ ತಾವು ಪಾಪ್ ಹಾಡುಗಳನ್ನು ಬಿಟ್ಟಿರಿ, ಬಿಳಿ ಸೂಟನ್ನು ಬಿಟ್ಟಿರಿ, 'ಪ್ರಿನ್ಸ್ ಸುಂಗಾ' ಎಂಬ ಹೆಸರನ್ನು ಬಿಟ್ಟಿರಿ. ಒಂದೇ ಒಂದು ಗಿಟಾರ್ ಹಿಡಿದು ಮುದುಕನನ್ನು ಹುಡುಕಿಕೊಂಡು ದೆಬೋಗೆ ಹೋದಿರಿ. ಎರಡು ತಿಂಗಳಲ್ಲಿ ಹದಿನಾಲ್ಕು ಹಳ್ಳಿ ಸುತ್ತಿದರೂ ಮುದುಕ ಸಿಗಲಿಲ್ಲ. ಆದರೆ ಹಾಡುಗಳು ಬಂದವು. ಇದೇ ಇಪ್ಪತ್ತನಾಲ್ಕಕ್ಕೆ ಮೋಪ್ತಿ ಬಂದರಿನಲ್ಲಿ ಅವನ್ನು ಹಾಡುವುದೆಂದು ನಿಗದಿಯಾಗಿದೆ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ 'ದೆಂಬಾ ನಸಿರೆಗೆ' ಎಂದು ಅಚ್ಚು ಹಾಕಿಸಿ, ಕೆಳಗೆ ಅವನ ಹೆಬ್ಬೆಟ್ಟಿನ ಗುರುತು ಹಾಕಿಸುವ ಆಸೆ ತಮಗಿದೆ.

ಮುಂದಿನದನ್ನು ತಮ್ಮ ಮಾತಿನಲ್ಲೇ ಎತ್ತಿ ಬರೆಯುತ್ತೇನೆ: 'ಬಂದರಿನ ಕಾಗದ ಎಲ್ಲಾ ಬರೆಯೋಳು ನೀನು. ಆ ಮುದುಕನ ಕಾಗದ ಬರೆದುಕೊಟ್ಟೋರು ಯಾರು ಅಂತ ಪತ್ತೆ ಮಾಡು, ಈರುಳ್ಳಿ ಬುರುಡೆ. ಅವನು ಸಿಗಲಿಲ್ಲ ಅಂದ್ರೆ ನಾನು ಹಾಡಲ್ಲ. ಇಲ್ಲದೇ ಇರೋ ಮನುಷ್ಯನ ಮಾತು ನಂಬ್ಕೊಂಡು ಬ್ಲೂಸ್ ಹಾಡೋದಕ್ಕಿಂತ ಬಮಾಕೋಗೆ ಹೋಗಿ ಆ ಹಳೇ ಜಕಾರ್ತಾ ಹಾಡಿನ ಎರಡನೇ ಭಾಗ ಹಾಡೋದೇ ಮರ್ಯಾದೆ.'

ತಮ್ಮ ಅಪ್ಪಣೆಯಂತೆ ತನಿಖೆ ನಡೆಸಿದ್ದೇನೆ. ತನಿಖೆಗೆ ಹೆಚ್ಚು ದೂರ ಹೋಗಬೇಕಾಗಲಿಲ್ಲ. ವರದಿ ಹೀಗಿದೆ.

ದೆಂಬಾ ನಸಿರೆ ಎಂಬ ಮುದುಕ ಇಲ್ಲ. ಎಂದೂ ಇರಲಿಲ್ಲ. ಸದರಿ ಪತ್ರವನ್ನು ಬರೆದವಳು ನಾನು.

ತಾವು ಎದ್ದು ನಿಂತು ಕೂಗಾಡುವುದಕ್ಕೆ ಇಲ್ಲಿ ಅರ್ಧ ಪುಟ ಖಾಲಿ ಬಿಡೋಣವೆಂದುಕೊಂಡೆ. ಕಾಗದ ದುಬಾರಿ. ಕೂಗಾಟವನ್ನು ಒಂದು ಸಾಲಿನೊಳಗೆ ಮುಗಿಸತಕ್ಕದ್ದು.

ಕೋಪ ಮಾಡಿಕೊಳ್ಳುವ ಹಕ್ಕು ತಮಗಿಲ್ಲವೆಂದು ಈ ಮೂಲಕ ನೆನಪಿಸುತ್ತೇನೆ. ಹಿಂದೆ ಬರಗಾಲದಲ್ಲಿ ನಮ್ಮ ಪೂರ್ವಜ ಹಸಿದು ಸಾಯುತ್ತಿದ್ದಾಗ ನಿಮ್ಮ ಪೂರ್ವಜ ತನ್ನ ತೊಡೆಯ ಮಾಂಸ ಕೊಯ್ದು, ಸುಟ್ಟು, ಮೀನೆಂದು ಹೇಳಿ ತಿನ್ನಿಸಿದ. ಅಂದಿನಿಂದ ದೋಗೊನರಿಗೂ ಬೋಝೋಗಳಿಗೂ ರಕ್ತ ಒಂದೇ. ಮದುವೆಯಾಗುವಂತಿಲ್ಲ, ಹೊಡೆದಾಡುವಂತಿಲ್ಲ, ಬೈದರೆ ಮುನಿಯುವಂತಿಲ್ಲ. ಬೈಯದೆ ಬಿಡುವಂತೆಯೂ ಇಲ್ಲ. ಅಂದಿನಿಂದ ನಮಗೆ ಅಜೀರ್ಣವೂ ಇದೆ, ಆ ಮಾತು ಬೇರೆ.

ಇನ್ನು ಅಪರಾಧದ ಹಿನ್ನೆಲೆ. ತಮ್ಮ ವೃತ್ತಿಜೀವನದ ಚರಿತ್ರೆಯನ್ನು ಹೇಳದೆ ಅದನ್ನು ಹೇಳಲಾಗುವುದಿಲ್ಲ. ಮುಂದೆ ಯಾರಾದರೂ ತಮ್ಮ ಬಗ್ಗೆ ಪುಸ್ತಕ ಬರೆದರೆ ಉಪಯೋಗವಾಗಲೆಂದು ನಿಷ್ಪಕ್ಷಪಾತವಾಗಿ ಬರೆಯುತ್ತಿದ್ದೇನೆ.

ತಾವು ಹುಟ್ಟಿದ್ದು ಬಲೆ ಹೊಲಿಯುವ ಬಿನಾಮಾ ಕರಬೆಂತಾನ ಮಗನಾಗಿ. ಎಣ್ಣೆ ಡಬ್ಬಕ್ಕೆ ಅಪ್ಪನ ಬಲೆಯ ನೈಲಾನ್ ದಾರ ಕಟ್ಟಿ ಮೊದಲ ಗಿಟಾರ್ ಮಾಡಿದಿರಿ. ಆ ದಾರ ಎಲ್ಲಿಂದ ಬಂತೆಂದು ಆ ವಾರ ಅಪ್ಪನ ಬಲೆಯ ತೂತಿನಿಂದ ತಪ್ಪಿಸಿಕೊಂಡ ಮೀನುಗಳಿಗೆ ಗೊತ್ತು. ಹತ್ತೊಂಬತ್ತಕ್ಕೆ ಬಮಾಕೋಗೆ ಓಡಿದಿರಿ. ಹೋಟೆಲಿನ ಬ್ಯಾಂಡಿನಲ್ಲಿ ಬೇರೆಯವರ ಹಾಡು ನುಡಿಸಿದಿರಿ. ಆಮೇಲೆ ತಾವೇ ಬರೆದು, ತಾವೇ ರಾಗ ಕಟ್ಟಿ, ತಾವೇ ಹಾಡಿದ 'ಜಕಾರ್ತಾ ಏರು ಬಾ' ಹೊರಬಂತು. ಚೀನಾದ ಮೋಟಾರು ಬೈಕಿಗೆ ನಾವೆಲ್ಲ ಜಕಾರ್ತಾ ಅನ್ನುವುದರಿಂದ, ಅದನ್ನು ಕೊಂಡವನೂ ಕೊಳ್ಳಲಾಗದವನೂ ಒಂದೇ ಸಮ ಅದನ್ನು ಹಾಡಿದರು. ಆ ಹಾಡಿನಲ್ಲಿ 'ಬಾ' ಎಂಬ ಪದ ಅರವತ್ತೊಂದು ಸಲ ಬರುತ್ತದೆ. ಎಣಿಸಿದ್ದೇನೆ. ಅರವತ್ತೊಂದು ಸಲ ಕರೆದರೂ ಹುಡುಗಿ ಯಾಕೆ ಬರಲಿಲ್ಲವೆಂಬುದು ಹಾಡಿನಲ್ಲಿ ಸ್ಪಷ್ಟವಿಲ್ಲ.

ನಂತರ ಮೂರು ಕ್ಯಾಸೆಟ್ಟು. ಪ್ರತಿಯೊಂದರಲ್ಲೂ ಗಿಟಾರ್ ಸ್ವಲ್ಪ ಸ್ವಲ್ಪ ಕಡಿಮೆಯಾಯಿತು, ಯಂತ್ರದ ಡೋಲು ಹೆಚ್ಚಾಯಿತು. ಮೂರನೆಯದರಲ್ಲಿ ತಮ್ಮ ದನಿಯನ್ನೂ ಯಂತ್ರಕ್ಕೆ ಹಾಕಿ ನಡುಗಿಸಿದ್ದರು. ಗಿಟಾರ್ ತಮ್ಮ ಕುತ್ತಿಗೆಯಲ್ಲಿ ನೇತಾಡುತ್ತಿತ್ತು, ಅಷ್ಟೆ.

ನಾಲ್ಕು ವರ್ಷದ ಹಿಂದೆ ತಾವು ವಿಡಿಯೋ ಶೂಟಿಂಗಿನಲ್ಲಿದ್ದಾಗ ಬಿನಾಮಾ ತೀರಿಕೊಂಡ. ತಾವು ಬಂದದ್ದು ಮೂರನೆಯ ದಿನ. ತಾವು ನೋಡದೇ ಹೋದದ್ದನ್ನು ದಾಖಲಿಸುವುದು ನನ್ನ ಕರ್ತವ್ಯ. ಶವ ಮನೆಯಿಂದ ಹೊರಡುವಾಗ ನಮ್ಮಜ್ಜಿ ಯಾದಿಮೆ, ಪದ್ಧತಿಯಂತೆ, ಬಾಗಿಲಿಗೆ ಅಡ್ಡ ಕೂತಳು. 'ಎಲ್ಲಿಗೆ ಒಯ್ತೀರಿ ಇವನ್ನ? ಸತ್ತಿಲ್ಲ ಇವ, ನಾಟಕ ಆಡ್ತವ್ನೆ. ಮೈಗಳ್ಳ! ಏಳಯ್ಯಾ ಬೋಝೋ, ಬಲೆದಾಗೆ ಮೀನು ಕೊಳೀತೈತೆ!' ಎಲ್ಲರೂ ನಕ್ಕರು. ತಮ್ಮ ತಾಯಿಯೂ ಕಣ್ಣೀರಿನ ನಡುವೆ ನಕ್ಕರು. ಸಾವಿನ ಮನೆಯಲ್ಲಿ ನಗಿಸುವುದು ನಮ್ಮ ಕೆಲಸ. ಮೂವತ್ತೆಂಟು ವರ್ಷ ಅಜ್ಜಿಯ ಈರುಳ್ಳಿ ಚಾಪೆಯ ಎದುರಿಗೇ ಬಿನಾಮಾನ ಬಲೆಗಳ ರಾಶಿ ಇತ್ತು. ಬೆಳಗ್ಗೆ ಎದ್ದು ಅವಳು ಅವನಿಗೆ ಬೈದರೆ ಅವನು ಅವಳಿಗೆ ಬೈಯುವನು, ಹಾಗೆ ಅಂಗಡಿ ಶುರುವಾಗುವುದು. ಅವನು ಹೋದ ಮೇಲೆ ಯಾರೋ ಆ ಜಾಗಕ್ಕೆ ಟೊಮೆಟೊ ತಂದಿಟ್ಟರು. ಅಜ್ಜಿ ಎಬ್ಬಿಸಿದಳು: 'ಇಲ್ಲಿ ಕೂರಬ್ಯಾಡ. ಮೀನಿನ ವಾಸನೆ ಇನ್ನೂ ಹೋಗಿಲ್ಲ.' ಆ ಜಾಗ ಇವತ್ತಿಗೂ ಖಾಲಿ. ವಾಸನೆ ಅಷ್ಟು ಗಟ್ಟಿ ಇದ್ದೀತೆಂದು ನನಗೆ ಅನ್ನಿಸುವುದಿಲ್ಲ.

ಇರಲಿ. ಅಕ್ಟೋಬರಿನ ಒಂದು ಮಧ್ಯಾಹ್ನ ಚಹಾದವನ ಟೀವಿಯಲ್ಲಿ ತಮ್ಮ ಹೊಸ ಹಾಡು ಬರುತ್ತಿತ್ತು. ಬಿಳಿ ಸೂಟು, ಕಪ್ಪು ಕನ್ನಡಕ, ಹಿಂದೆ ಆರು ಜನ ಹುಡುಗಿಯರು. ನನಗೆ ಕೈಯಲ್ಲಿ ಕೆಲಸವಿರಲಿಲ್ಲ, ಕಾಗದವಿತ್ತು. ಒಬ್ಬ ಮುದುಕನನ್ನು ಸೃಷ್ಟಿಸಿ ತಮಗೊಂದು ಪತ್ರ ಬರೆದು ನೋಡೋಣ, ಏನು ಮಾಡುತ್ತಾನೆ ಈ ಬೋಝೋ, ಎಂದು ಬರೆದೆ. ಹೆಬ್ಬೆಟ್ಟಿನ ಗುರುತು ನನ್ನದೇ, ಬಲಗಾಲಿನದು. ಪೂರ್ತಿ ವಿಷಯ ಇಷ್ಟೆ.

ತಾವು ಆ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತೀರೆಂದು ಗೊತ್ತು. ಆದರೂ ಬರೆದವಳು ನಾನೇ ಎಂಬುದಕ್ಕೆ ಸಾಕ್ಷಿಯಾಗಿ ಆ ಐದು ಸಾಲು ಇಲ್ಲಿ ಕೊಡುತ್ತೇನೆ:

'ಮಗಾ, ನಿನ್ನ ಹಾಡು ಕೇಳ್ದೆ. ಮೋಟಾರು ಚೆಂದ ಓಡ್ತೈತೆ, ಮ್ಯಾಗೆ ಯಾರೂ ಕೂತಿಲ್ಲ. ನಿಮ್ಮಪ್ಪ ಬಿನಾಮಾ ಬಲೆ ಹೊಲೀವಾಗ ಹಾಡ್ತಿದ್ದ. ಮೂರು ಸಲ ದಾರ ಎಳೆದು, ಗಂಟು ಬಿಗಿಯೋವಾಗ ಉಸಿರು ಹಿಡಿದು ನಿಲ್ಲಿಸ್ತಿದ್ದ, ಆ ನಿಂತ ಜಾಗದಾಗೆ ಇಡೀ ನದಿ ಕೇಳಿಸ್ತಿತ್ತು. ನಿನ್ನ ಹಾಡಿನಾಗೆ ನಿಲ್ಲೋ ಜಾಗಾನೇ ಇಲ್ಲ, ಎಲ್ಲಿ ಕಳ್ಕೊಂಡೆ ಅದನ್ನ?'

ತಾವು ನಗುತ್ತೀರೆಂದುಕೊಂಡಿದ್ದೆ. ತಾವು ಬಸ್ಸು ಹತ್ತಿದಿರಿ.

ನವೆಂಬರಿನಲ್ಲಿ ದೆಬೋಗೆ ಹೋಗುವ ದಾರಿಯಲ್ಲಿ ನಮ್ಮ ಚಾಪೆಯ ಮುಂದೆ ಬಂದು ಕೂತದ್ದು ನೆನಪಿದೆಯಲ್ಲ? ಸೂಟು ಇರಲಿಲ್ಲ. ಮೂರು ದಿನದ ಗಡ್ಡ. ಮೂರನೆಯ ಲೋಟ ಚಹಾ ಮುಗಿಸಿ ಅಜ್ಜಿಯನ್ನು ಕೇಳಿದಿರಿ: 'ಅಜ್ಜೀ, ದೆಂಬಾ ನಸಿರೆ ಅಂತ ಗೊತ್ತಾ ನಿಂಗೆ? ಅಪ್ಪನ ಸ್ನೇಹಿತ ಇರ್ಬೇಕು. ವಯಸ್ಸಾದೋನು.'

ಅಜ್ಜಿ ಈರುಳ್ಳಿ ಕುಟ್ಟುವುದನ್ನು ನಿಲ್ಲಿಸದೆ ಹೇಳಿದಳು: 'ಬೋಝೋಗಳೆಲ್ಲಾ ಒಂದೇ ನಮೂನಿ ಇರ್ತಾರೆ. ಯಾರಂತ ಗುರುತು ಇಟ್ಕೊಳ್ಳಿ?'

ನಾನು ಆಗ ಬಾಯಿಗೆ ಬಟ್ಟೆ ಹಿಡಿದುಕೊಂಡು ಕೆಮ್ಮಿದೆ. ಅದು ಕೆಮ್ಮಾಗಿರಲಿಲ್ಲ.

ಆಮೇಲೆ ತಾವು ಚೀಲದಿಂದ ಟೇಪ್ ರೆಕಾರ್ಡರ್ ತೆಗೆದು ಒಂದು ಕ್ಯಾಸೆಟ್ ಹಾಕಿದಿರಿ. ಅಮೆರಿಕದ ಯಾವನೋ ಕರಿಯ ಮುದುಕ ಒಬ್ಬನೇ ಕೂತು ಗಿಟಾರ್ ನುಡಿಸುತ್ತಿದ್ದ. ಇದಕ್ಕೆ ಬ್ಲೂಸ್ ಅಂತಾರೆ, ಇವನು ನಮ್ಮವನೇ, ದೋಣಿ ತಪ್ಪಿ ಆ ಕಡೆ ಹೋಗಿಬಿಟ್ಟಿದ್ದಾನೆ ಎಂದಿರಿ.

'ಯಾರು ಸತ್ತಿದ್ದು?' ಅಂದಳು ಅಜ್ಜಿ.

'ಯಾರೂ ಸತ್ತಿಲ್ಲ. ಹೆಂಡ್ತಿ ಬಿಟ್ಟು ಹೋದ್ಲಂತೆ.'

'ಹಿಂಗೆ ಅಳ್ಕೊಂತ ಕೂತ್ರೆ ಯಾವಳು ಇರ್ತಾಳೆ? ... ಇನ್ನೊಂದು ಕಿತ ಹಾಕು.'

ಮೂರು ಸಲ ಹಾಕಿಸಿದಳು. ಹೊರಡುವಾಗ ಕುಟ್ಟಿ ಒಣಗಿಸಿದ ಈರುಳ್ಳಿಯ ಐದು ಉಂಡೆ ತಮ್ಮ ಚೀಲಕ್ಕೆ ತುರುಕಿ, 'ತಗೋ, ಬಾಯಿ ವಾಸನೆಯಾದ್ರೂ ಹೋಗ್ಲಿ' ಅಂದಳು. ಯಾವ ಬೋಝೋಗೂ ಅವಳು ಪುಕ್ಕಟೆ ಈರುಳ್ಳಿ ಕೊಟ್ಟ ದಾಖಲೆ ಈ ಬಂದರಿನಲ್ಲಿಲ್ಲ.

ಈಗ ತಾವು ಕಳುಹಿಸಿದ ಕ್ಯಾಸೆಟ್ಟಿನ ವಿಷಯ. ಹೊಗಳಲು ನಮಗೆ ಕಾನೂನಿಲ್ಲ. ದೋಗೊನ್ ಬಾಯಿಂದ ಬೋಝೋನ ಹೊಗಳಿಕೆ ಬಂದರೆ ಹೊಗಳಿದವರ ಹಲ್ಲು ಉದುರುತ್ತದೆಂದು ಪ್ರತೀತಿ. ನನಗಿನ್ನೂ ಇಪ್ಪತ್ಮೂರು, ಹಲ್ಲು ಬೇಕು. ಆದ್ದರಿಂದ ಕಂಡದ್ದನ್ನು ಮಾತ್ರ ಬರೆಯುತ್ತೇನೆ.

ಗುರುವಾರ ಸಂತೆಯ ಗದ್ದಲದಲ್ಲೇ ಟೇಪ್ ಹಾಕಿದೆ. ಡೋಲಿಲ್ಲ, ಯಂತ್ರವಿಲ್ಲ, ಹುಡುಗಿಯರಿಲ್ಲ. ಒಂದು ಗಿಟಾರ್, ಒಂದು ಒಡೆದ ದನಿ. ತಾವು ಅಪ್ಪನ ಬಲೆಸೂಜಿಯನ್ನು, ದನದ ಮೂಳೆಯಲ್ಲಿ ಕೆತ್ತಿದ ಅದನ್ನು, ತಂತಿಯ ಮೇಲೆ ಜಾರಿಸಿ ನುಡಿಸಿದ್ದೀರೆಂದು ಪತ್ರದಲ್ಲಿ ಬರೆದಿದ್ದಿರಿ, ಓದದಿದ್ದರೂ ಗೊತ್ತಾಗುತ್ತಿತ್ತು. ಪಕ್ಕದಲ್ಲಿ ಮೀನು ಹೊಗೆಗೆ ಹಾಕುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಟೇಪಿನ ಕಡೆ ತಿರುಗಿದರು. ಹಲಗೆಯಂಥ ಉಪ್ಪಿನ ಬಂಡೆ ಹೊತ್ತ ಹಮಾಲಿಯೊಬ್ಬ ಹೊರೆ ಇಳಿಸದೆ ಹಾಗೇ ನಿಂತ. 'ಇಳಿಸೋ, ಬೆನ್ನು ಮುರೀತದೆ' ಅಂದರೆ 'ತಡಿ ತಾಯಿ, ಮುಗೀಲಿ' ಅಂದ. ಅಜ್ಜಿ ಎಂದಿನಂತೆ ಈರುಳ್ಳಿ ಕುಟ್ಟುತ್ತಿದ್ದಳು. ಮೂರು ಪೆಟ್ಟು, ಮೂರು ಪೆಟ್ಟು. ಆಮೇಲೆ ಒನಕೆ ಗಾಳಿಯಲ್ಲಿ ನಿಂತಿತು. ಅದು ನಿಂತ ಮೇಲೆ ತಮ್ಮ ಹಾಡೂ ನಿಂತಿತು. ಇದೇ ಕ್ರಮದಲ್ಲಿ, ಒನಕೆ ಮೊದಲು, ಹಾಡು ಆಮೇಲೆ. ಅವಳು ಆ ಹಾಡನ್ನು ಕೇಳುತ್ತಿದ್ದದ್ದು ಅದೇ ಮೊದಲ ಸಲ.

ಮುಗಿದ ಮೇಲೆ 'ಹೆಂಗಿತ್ತು ಅಜ್ಜಿ?' ಎಂದು ಕೇಳಿದೆ.

'ಕಪ್ಪೆಗೆ ಶೀತ ಆದಂಗೈತೆ' ಅಂದಳು. ಎದ್ದು ಹೋಗಿ ನದಿಯ ಕಡೆ ಮುಖ ಮಾಡಿ ಕೂತಳು. ಆ ಮಧ್ಯಾಹ್ನ ಗಿರಾಕಿಗಳನ್ನು ನಾನೇ ನೋಡಿಕೊಂಡೆ.

ಇಷ್ಟು ಹೊತ್ತು ತಾವು ತಾವು ಎಂದು ಬರೆದು ಕೈ ನೋಯುತ್ತಿದೆ. ಇನ್ನು ಮುಂದೆ ನೀನು.

ನಿನ್ನ ಪತ್ರದ ಕೊನೆಗೆ ಇನ್ನೊಂದು ಪ್ರಶ್ನೆ ಕೇಳಿದ್ದೆ: ದೆಬೋದಲ್ಲಿ ಕೂತ ಮುದುಕನಿಗೆ ಮೋಪ್ತಿ ಬಂದರಿನಲ್ಲಿ ನಿನ್ನಪ್ಪ ಗಂಟು ಬಿಗಿಯುವಾಗ ಉಸಿರು ಹಿಡಿಯುತ್ತಿದ್ದದ್ದು ಹೇಗೆ ಗೊತ್ತು? ಅದೊಂದು ಗೊತ್ತಿದ್ದರಿಂದಲೇ ಅವನು ನಿಜವಾದ ಮನುಷ್ಯ ಎಂದು ನಂಬಿದೆ ಅಂದೆ. ಅದಕ್ಕೆ ಉತ್ತರ ಕಸುಬಿನ ಗುಟ್ಟು. ಮುದುಕ ಸುಳ್ಳು, ಉಸಿರು ಸುಳ್ಳಲ್ಲ, ಇಷ್ಟು ಹೇಳಬಲ್ಲೆ. ನೀನು ಹುಡುಕಿಕೊಂಡು ಹೋದವನು ಇಲ್ಲ. ಹಾಗಂತ ನಿನಗೆ ಸಿಕ್ಕಿದ್ದೂ ಇಲ್ಲ ಅನ್ನುವುದಾದರೆ, ಆ ಹಮಾಲಿ ಉಪ್ಪು ಹೊತ್ತು ನಿಂತದ್ದು ಯಾವುದಕ್ಕೆ?

ಬೋಝೋಗಳು ಮೀನಿನ ಹಾಗೆ, ಗಾಳ ಕಂಡರೆ ಹಿಂದಕ್ಕೆ ತಿರುಗುತ್ತಾರೆ. ನೀನು ಬಮಾಕೋ ಬಸ್ಸು ಹತ್ತುವುದಾದರೆ ಹತ್ತು. ಜಕಾರ್ತಾದ ಎರಡನೇ ಭಾಗದಲ್ಲಿ 'ಬಾ' ಎಂದು ನೂರಿಪ್ಪತ್ತು ಸಲ ಹಾಡು, ನಾನು ಎಣಿಸಿಕೊಂಡು ಕೂರುತ್ತೇನೆ. ಆದರೆ ಹತ್ತುವಾಗ ಕಾರಣವನ್ನು ಸರಿಯಾಗಿ ಹೇಳು. ದೆಂಬಾ ನಸಿರೆ ಸಿಗಲಿಲ್ಲ ಎಂದು ಹೇಳಬೇಡ. ನಿನಗೇ ಹೆದರಿಕೆಯಾಯಿತು ಎಂದು ಹೇಳು. ಎಲ್ಲರೂ ಮೋಟಾರು ಬೈಕಿಗೆ ಕೈ ಎತ್ತಿ ಕುಣಿದ ಊರಿನಲ್ಲಿ ಒಂದು ಗಿಟಾರ್ ಹಿಡಿದು ಒಬ್ಬನೇ ಕೂರಲು ನಿನಗೆ ಹೆದರಿಕೆ. ಅದು ನನಗೆ ಅರ್ಥವಾಗುತ್ತದೆ. ಸುಳ್ಳು ಮುದುಕನ ಹೆಗಲ ಮೇಲೆ ಅದನ್ನು ಹೊರಿಸಬೇಡ. ಅವನು ಹುಟ್ಟಿಯೇ ಇಲ್ಲ, ಹೆಗಲೆಲ್ಲಿಂದ ತರಲಿ?

ಹೊದಿಕೆಯನ್ನು ಇಪ್ಪತ್ತನೇ ತಾರೀಕು ಅಚ್ಚಿಗೆ ಕೊಡಬೇಕೆಂದು ಬರೆದಿದ್ದೀಯ. ಅಷ್ಟರೊಳಗೆ ದೆಂಬಾ ನಸಿರೆಯ ಹೆಸರು ತೆಗೆಸು. ಇದೊಂದು ಗಂಭೀರ ಮನವಿ. ಇಲ್ಲದ ಮನುಷ್ಯನಿಗೆ ಹಾಡು ಅರ್ಪಿಸಿದರೆ ಅದನ್ನು ಇಸಿದುಕೊಳ್ಳುವವರು ಯಾರು?

ಈ ಪತ್ರ ನಾಳೆಯ ದೋಣಿಗೆ ಹೋಗುತ್ತದೆ. ಒಣಮೀನಿನ ಬುಟ್ಟಿಯಲ್ಲಿ ಇಡಬೇಡವೆಂದು ದೋಣಿಯವನಿಗೆ ಹೇಳಿದ್ದೇನೆ. 'ಮತ್ತೆಲ್ಲಿ ಇಡ್ಲಿ, ತಲೆ ಮೇಲಾ?' ಎಂದ. ತಲೆ ಮೇಲೆ ಎಂದೆ.

ಸಮಸ್ತ ದೋಗೊನ್ ಜನಾಂಗದ ಪರವಾಗಿ, ಬಂದರಿನ ಪತ್ರಲೇಖಕಿ, ಸುಳ್ಳುಗಾತಿ, ನಿನ್ನ ಪಾಲಿನ ಮುದಿ ಬೆಸ್ತ,

ಯಾಪೆರೆ ತೆಂಬೆಲಿ

ಮರೆತ ಮಾತು: ಪತ್ರ ಬರೆಯುವವರಿಗೆ ಒಂದು ಆಣೆ ಇದೆ. ಯಾರು ಬರೆಸಿದರೆಂದು ಹೇಳಬಾರದು. ಐದು ವರ್ಷದಿಂದ ಅದನ್ನು ಮುರಿದಿಲ್ಲ. ಮಡಚಿದ ಪತ್ರವನ್ನು ಈಗ ಬಿಡಿಸಿ, ಅವಳು ನದಿಯ ಕಡೆ ಹೋಗಿರುವ ಹೊತ್ತಿನಲ್ಲಿ ಮುರಿಯುತ್ತಿದ್ದೇನೆ.

ಆ ಪತ್ರ ನನ್ನ ಅಕ್ಷರ ಮಾತ್ರ. ಟೀವಿಯಲ್ಲಿ ನಿನ್ನ ಹಾಡು ಮುಗಿದ ಮೇಲೆ ಅಜ್ಜಿ 'ಕಾಗದ ತಗೋ' ಅಂದಳು. ಐದು ಸಾಲನ್ನೂ ನಿಲ್ಲಿಸದೆ ಹೇಳಿದಳು. ನಿನ್ನ ಹೆಸರೇ ಹಾಕು ಅಜ್ಜಿ ಎಂದರೆ ಬೈದಳು: 'ಥೂ, ಬೋಝೋನ ಹಾಡಿಗೆ ನಾನು ಆಸೆಪಟ್ಟೆ ಅಂತ ಊರೆಲ್ಲಾ ನಗ್ಲಾ? ಯಾವನಾದ್ರೂ ಬೋಝೋನ ಹೆಸರು ಹಾಕು. ಅವ್ರ ಹೊಗಳಿಕೆ ಅವ್ರಿಗೇ ಇರ್ಲಿ.' ಹೆಸರು ನಾನು ಹಾಕಿದೆ. ನನ್ನ ಪಾಲಿನ ಸುಳ್ಳು ಅಷ್ಟೆ.

ಹೆಬ್ಬೆಟ್ಟು ನನ್ನ ಕಾಲಿನದೆಂದು ಮೇಲೆ ಬರೆದದ್ದೂ ಸುಳ್ಳು. ನಿನ್ನ ಜೇಬಿನಲ್ಲಿರುವ ಆ ಪತ್ರವನ್ನು ತೆಗೆದು ಒಮ್ಮೆ ಮೂಸಿ ನೋಡು. ಇನ್ನೂ ಈರುಳ್ಳಿಯ ವಾಸನೆ ಇರಬೇಕು. ಮೂರು ತಿಂಗಳು ಜೇಬಿನಲ್ಲಿಟ್ಟುಕೊಂಡೂ ಅದು ನಿನ್ನ ಮೂಗಿಗೆ ಬಡಿಯಲಿಲ್ಲವೆಂದರೆ ಬೋಝೋಗಳ ಬಗ್ಗೆ ನಾವು ಹೇಳುವುದೆಲ್ಲ ನಿಜ.

ಹೆಸರು ತೆಗೆಸು. ಹೆಬ್ಬೆಟ್ಟು ಇರಲಿ.

ಹಾಡುವುದಾದರೆ, ಇಪ್ಪತ್ತನಾಲ್ಕಕ್ಕೆ ಅವಳು ಮುಂದೆಯೇ ಚಾಪೆ ಹಾಸಿ ಕೂರುತ್ತಾಳೆ. ಮೊದಲಿನಿಂದ ಕೊನೆಯವರೆಗೂ ಬೈಯುತ್ತಾಳೆ, ತಲೆ ಕೆಡಿಸಿಕೊಳ್ಳಬೇಡ. ಮೂರು ಎಳೆತ ಎಳೆದು, ಗಂಟಿನ ಜಾಗಕ್ಕೆ ಬಂದು ನೀನು ಉಸಿರು ಹಿಡಿದಾಗ ಮಾತ್ರ ಕಿವಿಗೊಟ್ಟು ಕೇಳು. ಅಲ್ಲಿ ಅವಳು ಏನೂ ಹೇಳುವುದಿಲ್ಲ.